ಜೇನು ಪೆಟ್ಟಿಗೆಯನ್ನು ತೆರೆದು ತೋರಿದ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ (1810–1895)

ಪೀಠಿಕೆ

ಜೇನು ಕೃಷಿಯು ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಉಪಕಸುಬಾಗಿದೆ. ಇದಕ್ಕೆ ಪ್ರತ್ಯೇಕ ಭೂಮಿಯ ಅವಶ್ಯಕತೆ ಇರುವುದಿಲ್ಲ. ಜೇನುತುಪ್ಪ ಮತ್ತು ಮೇಣದ ಉತ್ಪನ್ನದ ಜೊತೆಗೆ ಪರಾಗಸ್ಪರ್ಶದ ಮೂಲಕ ಬೆಳೆಗಳ ಇಳುವರಿಯೂ ಹೆಚ್ಚುತ್ತದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಅಂಚಿನಲ್ಲಿರುವ ತಾರಿಹಾಳವು ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದ್ದರೂ, ಈ ಭಾಗದ ಎರೆಭೂಮಿಯಲ್ಲಿ ಹತ್ತಿ, ಸೂರ್ಯಕಾಂತಿ, ಕುಸುಬೆ, ಕೊತ್ತಂಬರಿ ಮೊದಲಾದ ಬೆಳೆಗಳನ್ನು ಬೆಳೆಯಲಾಗುತ್ತದೆ. ಬೇವು, ಹೊಂಗೆ, ಹುಣಸೆ ಮತ್ತು ನೇರಳೆ ಮರಗಳು ಜೇನ್ನೊಣಗಳಿಗೆ ಮಕರಂದವನ್ನೂ ಪರಾಗವನ್ನೂ ಒದಗಿಸುತ್ತವೆ. ಆದುದರಿಂದ ಇಂತಹ ಊರುಗಳಲ್ಲಿ ಒಂದೆರಡು ಪೆಟ್ಟಿಗೆಗಳಿಂದ ಜೇನು ಸಾಕಣೆಯನ್ನು ಪ್ರಾರಂಭಿಸಲು ಅವಕಾಶವಿದೆ.

ಹೊಸದಾಗಿ ಜೇನು ಪೆಟ್ಟಿಗೆಯನ್ನು ತಂದವರಿಗೆ ಎದುರಾಗುವ ಮೊದಲ ಕಷ್ಟವೆಂದರೆ ಅದನ್ನು ತೆರೆದು ನೋಡುವುದು. ನೊಣಗಳು ಕಚ್ಚಬಹುದು, ರಾಣಿಗೆ ಅಪಾಯವಾಗಬಹುದು, ಕುಟುಂಬವೇ ಗೂಡು ಬಿಟ್ಟು ಹೋಗಬಹುದು ಎಂಬ ಅಂಜಿಕೆ ಸಹಜ. ಆದರೆ ಒಂದೇ ಒಂದು ಎರಿಯನ್ನೂ ಮುರಿಯದೆ, ಒಂದು ನೊಣವನ್ನೂ ಕೊಲ್ಲದೆ ಗೂಡಿನ ಒಳಭಾಗವನ್ನು ಪರೀಕ್ಷಿಸಲು ಇಂದು ಸಾಧ್ಯವಿದೆ. ಈ ಅನುಕೂಲವು ನಮಗೆ ದೊರೆತದ್ದು ಒಬ್ಬ ಪಾದ್ರಿಯ ಹದಿಮೂರು ವರ್ಷಗಳ ವೀಕ್ಷಣೆಯ ಫಲವಾಗಿ. ಅವರೇ ಅಮೆರಿಕ ದೇಶದ ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್. ಹೊಸ ಜೇನು ಕೃಷಿಕರು ಅವರ ಜೀವನವನ್ನು ಅರಿತರೆ, ಪೆಟ್ಟಿಗೆಯ ಪ್ರತಿಯೊಂದು ಭಾಗವನ್ನು ಏಕೆ ಹಾಗೆ ರಚಿಸಲಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಜನನ, ಬಾಲ್ಯ ಮತ್ತು ವಿದ್ಯಾಭ್ಯಾಸ

ಲ್ಯಾಂಗ್‌ಸ್ಟ್ರಾತ್ ಅವರು 1810ರ ಡಿಸೆಂಬರ್ 25ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಬಾಲ್ಯದಿಂದಲೇ ಇವರಿಗೆ ಕೀಟಗಳಲ್ಲಿ ಅಪಾರ ಆಸಕ್ತಿ ಇದ್ದಿತು. ನೆಲದ ಮೇಲೆ ಮಂಡಿಯೂರಿ ಗಂಟೆಗಟ್ಟಲೆ ಇರುವೆಗಳ ಓಡಾಟವನ್ನು ನೋಡುತ್ತಿದ್ದುದರಿಂದ ಇವರ ಉಡುಪು ಮಂಡಿಯ ಬಳಿ ಹರಿದುಹೋಗುತ್ತಿತ್ತು. ಇದಕ್ಕಾಗಿ ಮನೆಯಲ್ಲಿ ಶಿಕ್ಷೆಯನ್ನೂ ಅನುಭವಿಸಿದರು. ಅಂದಿನ ಹಿರಿಯರ ದೃಷ್ಟಿಯಲ್ಲಿ ಇದು ವ್ಯರ್ಥ ಕಾಲಹರಣವಾಗಿತ್ತು.

1831ರಲ್ಲಿ ಪ್ರಸಿದ್ಧ ಯೇಲ್ ಕಾಲೇಜಿನಿಂದ ಪದವಿಯನ್ನು ಪಡೆದು, ಮುಂದೆ ಕೆಲಕಾಲ ಅಲ್ಲಿಯೇ ಬೋಧಕರಾಗಿ ಸೇವೆ ಸಲ್ಲಿಸಿದರು. 1836ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆಂಡೋವರ್ ಪಟ್ಟಣದ ಚರ್ಚೊಂದರಲ್ಲಿ ಪಾದ್ರಿಯಾಗಿ ನೇಮಕಗೊಂಡರು. ಅದೇ ವರ್ಷ ಆನ್ನಾ ಟಕರ್ ಎಂಬವರನ್ನು ವಿವಾಹವಾದರು. ಈ ದಂಪತಿಗೆ ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳು ಜನಿಸಿದರು.

ಯೌವನದಲ್ಲಿಯೇ ಲ್ಯಾಂಗ್‌ಸ್ಟ್ರಾತ್ ಅವರನ್ನು ಮನಸ್ಸಿನ ತೀವ್ರ ಖಿನ್ನತೆ ಬಾಧಿಸತೊಡಗಿತು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಯಾವ ಕೆಲಸವನ್ನೂ ಮಾಡಲಾಗದ ಸ್ಥಿತಿ ಉಂಟಾಗುತ್ತಿತ್ತು. ಈ ಕಾರಣದಿಂದ ಪಾದ್ರಿಯ ಹುದ್ದೆಯನ್ನು ತೊರೆದು ಬಾಲಕಿಯರ ಶಾಲೆಗಳಲ್ಲಿ ಬೋಧಿಸಿದರು. ಆರೋಗ್ಯ ಸುಧಾರಿಸಿದಾಗ ಮತ್ತೆ ಚರ್ಚಿನ ಸೇವೆಗೆ ಮರಳಿದರು. 1848ರಲ್ಲಿ ಫಿಲಡೆಲ್ಫಿಯಾಕ್ಕೆ ಹಿಂದಿರುಗಿ ಅಲ್ಲಿ ಬಾಲಕಿಯರ ಶಾಲೆಯೊಂದನ್ನು ತೆರೆದರು. ವೈದ್ಯರ ಮದ್ದಿಗೆ ಬಗ್ಗದ ಈ ಬಾಧೆಗೆ ಬಯಲಿನ ಗಾಳಿಯಲ್ಲಿ ಜೇನಿನೊಡನೆ ಮಾಡುವ ಕೆಲಸವು ಹಿತವೆನಿಸಿತು.

ಜೇನಿನ ಪ್ರಥಮ ಪರಿಚಯ

1838ರ ಬೇಸಿಗೆಯಲ್ಲಿ ಲ್ಯಾಂಗ್‌ಸ್ಟ್ರಾತ್ ಅವರು ಸ್ನೇಹಿತರೊಬ್ಬರ ಮನೆಗೆ ಹೋಗಿದ್ದರು. ಅಲ್ಲಿ ಮೇಜಿನ ಮೇಲೆ ಇಡಲಾಗಿದ್ದ ಗಾಜಿನ ದೊಡ್ಡ ಪಾತ್ರೆಯೊಳಗೆ ಜೇನುತುಂಬಿದ ಬಿಳಿಯ ಎರಿಗಳನ್ನು ಕಂಡು ಆಶ್ಚರ್ಯಗೊಂಡರು. ಸ್ನೇಹಿತರು ಅವರನ್ನು ಮನೆಯ ಅಟ್ಟಕ್ಕೆ ಕರೆದೊಯ್ದು ತಾವು ಸಾಕಿದ್ದ ಜೇನನ್ನು ತೋರಿಸಿದರು. ಬಾಲ್ಯದ ಆಸಕ್ತಿಯು ಒಮ್ಮೆಲೇ ಮರುಕಳಿಸಿತು. ಅಂದು ಮನೆಗೆ ಹಿಂದಿರುಗುವ ಮೊದಲೇ ಎರಡು ಜೇನು ಕುಟುಂಬಗಳನ್ನು ಖರೀದಿಸಿದರು. ಹೀಗೆ ಯಾವ ತರಬೇತಿಯೂ ಇಲ್ಲದೆ, ಸಂಪೂರ್ಣ ಹೊಸಬರಾಗಿ ಇವರು ಜೇನು ಸಾಕಣೆಯನ್ನು ಆರಂಭಿಸಿದರು.

ಅಂದಿನ ಜೇನು ಸಾಕಣೆಯ ಸ್ಥಿತಿ

ಆ ಕಾಲದಲ್ಲಿ ಜೇನನ್ನು ಮುಚ್ಚಿದ ಮರದ ಪೆಟ್ಟಿಗೆಗಳಲ್ಲಿ, ಪೊಳ್ಳು ಮರದ ತುಂಡುಗಳಲ್ಲಿ ಮತ್ತು ಹುಲ್ಲಿನ ಬುಟ್ಟಿಗಳಲ್ಲಿ ಸಾಕಲಾಗುತ್ತಿತ್ತು. ನಮ್ಮ ಮಲೆನಾಡಿನಲ್ಲಿ ಮಡಕೆ ಮತ್ತು ಮರದ ಪೊಟರೆಗಳಲ್ಲಿ ಜೇನು ಕೂರಿಸುತ್ತಿದ್ದ ಪದ್ಧತಿಯೂ ಇದನ್ನೇ ಹೋಲುತ್ತದೆ. ನೊಣಗಳು ತಮ್ಮ ಎರಿಗಳನ್ನು ಮೇಲ್ಛಾವಣಿಗೂ ಪಕ್ಕದ ಗೋಡೆಗಳಿಗೂ ಅಂಟಿಸಿ ಕಟ್ಟುತ್ತಿದ್ದವು. ಆದುದರಿಂದ ಎರಿಯನ್ನು ಕತ್ತರಿಸದೆ ಹೊರತೆಗೆಯಲು ಸಾಧ್ಯವಿರಲಿಲ್ಲ. ತುಪ್ಪ ಬೇಕಾದಾಗ ಗಂಧಕದ ಹೊಗೆಯಿಂದ ಇಡೀ ಕುಟುಂಬವನ್ನೇ ಕೊಲ್ಲುವ ರೂಢಿಯು ಯುರೋಪ್ ಮತ್ತು ಅಮೆರಿಕದಲ್ಲಿ ವ್ಯಾಪಕವಾಗಿತ್ತು. ಗೂಡಿನಲ್ಲಿ ರಾಣಿ ಇದೆಯೇ, ಮೊಟ್ಟೆ ಇಡುತ್ತಿದೆಯೇ, ಆಹಾರ ಸಾಕಷ್ಟಿದೆಯೇ, ರೋಗ ತಗುಲಿದೆಯೇ ಎಂಬ ಯಾವ ವಿಷಯವೂ ಸಾಕುವವನಿಗೆ ತಿಳಿಯುತ್ತಿರಲಿಲ್ಲ. ಕುಟುಂಬವು ನಾಶವಾದ ಮೇಲೆ ಮಾತ್ರ ಅದರ ಕಾರಣವನ್ನು ಊಹಿಸಬೇಕಾಗಿತ್ತು.

ಈ ದಿಸೆಯಲ್ಲಿ ಕೆಲವು ಪ್ರಯತ್ನಗಳು ಅದಾಗಲೇ ನಡೆದಿದ್ದವು. ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಹ್ಯೂಬರ್ ಅವರು ದೃಷ್ಟಿಹೀನರಾಗಿದ್ದರೂ, ತಮ್ಮ ಸೇವಕ ಬರ್ನೆನ್ಸ್‌ನ ಕಣ್ಣುಗಳ ನೆರವಿನಿಂದ ಜೇನಿನ ಜೀವನವನ್ನು ಅಧ್ಯಯನ ಮಾಡಿ 1792ರಲ್ಲಿ ಪ್ರಕಟಿಸಿದರು. ಪುಸ್ತಕದ ಹಾಳೆಗಳಂತೆ ತೆರೆಯಬಹುದಾದ ಗೂಡನ್ನು ಅವರು ರೂಪಿಸಿದ್ದರು. ಉಕ್ರೇನಿನ ಪೀಟರ್ ಪ್ರೊಕೊಪೊವಿಚ್ ಅವರು 1814ರಲ್ಲಿಯೇ ಚೌಕಟ್ಟುಗಳನ್ನು ಬಳಸಿದ್ದರು. ಸೈಲೀಸಿಯಾ ಪ್ರಾಂತ್ಯದ ಪಾದ್ರಿ ಯಾನ್ ಜಿಯೆರ್ಜೋನ್ ಅವರು ಎರಿಗಳನ್ನು ಮೇಲಿನ ಪಟ್ಟಿಗಳ ಸಹಿತ ತೆಗೆಯುವ ಗೂಡನ್ನು ಬಳಕೆಗೆ ತಂದಿದ್ದರು. ಆದರೆ ಇವುಗಳಲ್ಲಿ ನೊಣಗಳನ್ನು ಕೆರಳಿಸದೆ, ಎರಿಯನ್ನು ಕತ್ತರಿಸದೆ ಸುಲಭವಾಗಿ ಮೇಲಿನಿಂದ ಎತ್ತುವ ವಿಧಾನ ಇನ್ನೂ ಸಿದ್ಧಿಸಿರಲಿಲ್ಲ.

1851ರ ಶೋಧನೆ

ಲ್ಯಾಂಗ್‌ಸ್ಟ್ರಾತ್ ಅವರು ಹ್ಯೂಬರ್ ಅವರ ಮಾದರಿಯ ಗೂಡುಗಳನ್ನು ತಯಾರಿಸಿ ಪರೀಕ್ಷಿಸಿದರು. ಬಳಿಕ ಮೇಲ್ಭಾಗದಲ್ಲಿ ಪಟ್ಟಿಗಳನ್ನು ಜೋಡಿಸಿದ ಪೆಟ್ಟಿಗೆಯನ್ನು ಬಳಸತೊಡಗಿದರು. ಇದರಲ್ಲಿ ಪಟ್ಟಿಗಳ ಮೇಲಿನ ಮುಚ್ಚಳವನ್ನು ನೊಣಗಳು ಅಂಟಿನಿಂದ ಭದ್ರವಾಗಿ ಅಂಟಿಸಿಬಿಡುತ್ತಿದ್ದವು. ಪಟ್ಟಿಗಳನ್ನು ಸ್ವಲ್ಪ ಕೆಳಗಿಳಿಸಿ, ಮುಚ್ಚಳಕ್ಕೂ ಪಟ್ಟಿಗೂ ನಡುವೆ ಸುಮಾರು 3/8 ಅಂಗುಲದಷ್ಟು ಜಾಗವನ್ನು ಬಿಟ್ಟಾಗ ಮುಚ್ಚಳವು ಸುಲಭವಾಗಿ ತೆರೆಯಿತು. ಅಷ್ಟು ಅಂತರದಲ್ಲಿ ನೊಣಗಳು ಅಂಟನ್ನೂ ತುಂಬಲಿಲ್ಲ, ಎರಿಯನ್ನೂ ಕಟ್ಟಲಿಲ್ಲ. ಅದನ್ನು ಓಡಾಡುವ ದಾರಿಯಾಗಿ ಹಾಗೆಯೇ ಬಿಟ್ಟುಕೊಂಡವು.

ಆದರೂ ಪ್ರತಿ ಬಾರಿ ಎರಿಯನ್ನು ಪಕ್ಕದ ಗೋಡೆಗಳಿಂದ ಚಾಕುವಿನಲ್ಲಿ ಬಿಡಿಸಬೇಕಾಗಿತ್ತು. 1851ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಒಂದು ಸಂಜೆ ನಗರದ ಹೊರಗಿದ್ದ ತಮ್ಮ ಜೇನುಶಾಲೆಯಿಂದ ಮನೆಗೆ ಮರಳುತ್ತಿದ್ದಾಗ ಇವರಿಗೆ ಪರಿಹಾರವು ಹೊಳೆಯಿತು. ಮುಚ್ಚಳದ ಕೆಳಗೆ ಬಿಟ್ಟ ಅದೇ ಅಂತರವನ್ನು ಪಕ್ಕಗಳಲ್ಲಿಯೂ ಕೆಳಗೂ ಬಿಟ್ಟು, ಪೆಟ್ಟಿಗೆಯೊಳಗೆ ನಾಲ್ಕು ಕಡೆ ಮುಚ್ಚಿದ ಚೌಕಟ್ಟನ್ನು ತೂಗುಹಾಕಿದರೆ, ಎರಿಯು ಗೋಡೆಯನ್ನು ಮುಟ್ಟುವುದೇ ಇಲ್ಲ. ಯಾವ ಚೌಕಟ್ಟನ್ನಾದರೂ ಬೇಕಾದಾಗ ಎತ್ತಿ, ನೋಡಿ, ಮತ್ತೆ ಅಲ್ಲಿಯೇ ಇಡಬಹುದು. ನಡುಬೀದಿಯಲ್ಲಿ ಕೂಗಿಬಿಡಬೇಕೆನ್ನುವಷ್ಟು ಸಂತೋಷ ಅವರಿಗಾಯಿತು.

ಚೌಕಟ್ಟು ಹೊಸದಲ್ಲವಾದರೂ ಅದರ ಸುತ್ತ ಬಿಡಬೇಕಾದ ಅಂತರದ ನಿಯಮವನ್ನು ಗೂಡಿನ ಎಲ್ಲ ಭಾಗಗಳಿಗೂ ಅಳವಡಿಸಿದ್ದು ಲ್ಯಾಂಗ್‌ಸ್ಟ್ರಾತ್ ಅವರ ಸಾಧನೆಯಾಗಿದೆ. ಇದನ್ನು ಜೇನ್ನೊಣದ ಅಂತರ ಎಂದು ಕರೆಯಲಾಗುತ್ತದೆ. ಅಂತರವು ತೀರಾ ಕಡಿಮೆಯಾದರೆ ನೊಣಗಳು ಅಂಟಿನಿಂದ ಮುಚ್ಚುತ್ತವೆ. ಹೆಚ್ಚಾದರೆ ಅಡ್ಡ ಎರಿಗಳನ್ನು ಕಟ್ಟುತ್ತವೆ. ಈ ಪೆಟ್ಟಿಗೆಗೆ 1852ರ ಅಕ್ಟೋಬರ್ 5ರಂದು ಅಮೆರಿಕ ಸರ್ಕಾರವು 9300ನೇ ಸಂಖ್ಯೆಯ ಹಕ್ಕುಪತ್ರವನ್ನು ನೀಡಿತು.

ಗ್ರಂಥ ರಚನೆ

1853ರಲ್ಲಿ ಲ್ಯಾಂಗ್‌ಸ್ಟ್ರಾತ್ ಅವರು ಗೂಡು ಮತ್ತು ಜೇನ್ನೊಣಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಇದರ ಸಿದ್ಧತೆಯಲ್ಲಿ ಪತ್ನಿ ಆನ್ನಾ ಅವರು ನೆರವಾದರು. ಜೇನು ಸಾಕುವ ಸಾಮಾನ್ಯ ರೈತನಿಗೆ ಅರ್ಥವಾಗುವ ರೀತಿಯಲ್ಲಿ ಇದನ್ನು ಬರೆಯಲಾಗಿತ್ತು. ಹೊಟ್ಟೆತುಂಬ ಜೇನನ್ನು ಹೀರಿಕೊಂಡ ನೊಣವು ತಾನಾಗಿ ಕಚ್ಚಲು ಬರುವುದಿಲ್ಲ, ಆದ್ದರಿಂದ ಗೂಡು ತೆರೆಯುವ ಮುನ್ನ ಸ್ವಲ್ಪ ಹೊಗೆ ಕೊಟ್ಟು ಅವು ಜೇನು ಹೀರಲು ಅವಕಾಶ ನೀಡಬೇಕು ಎಂದು ಅವರು ವಿವರಿಸಿದ್ದಾರೆ. ಅವಸರದ ಚಲನೆ ಮತ್ತು ನೊಣಗಳ ಮೇಲೆ ಬೀಳುವ ಮನುಷ್ಯನ ಉಸಿರು ಅವುಗಳನ್ನು ಕೆರಳಿಸುತ್ತವೆ ಎಂಬುದನ್ನೂ ತಿಳಿಸಿದ್ದಾರೆ. ಈ ಸೂಚನೆಗಳು ಇಂದಿಗೂ ಪ್ರತಿ ತರಬೇತಿಯಲ್ಲಿ ಮೊದಲ ಪಾಠವಾಗಿವೆ.

ನಷ್ಟ ಮತ್ತು ಸಂಕಷ್ಟ

ಹೊಸ ಪೆಟ್ಟಿಗೆಯು ಶೀಘ್ರವಾಗಿ ಜನಪ್ರಿಯವಾಯಿತು. ಆದರೆ ಅದರ ಲಾಭವು ಲ್ಯಾಂಗ್‌ಸ್ಟ್ರಾತ್ ಅವರಿಗೆ ದೊರೆಯಲಿಲ್ಲ. ಮರಗೆಲಸ ಬಲ್ಲ ಯಾರಾದರೂ ತಯಾರಿಸಬಹುದಾದ ಸರಳ ರಚನೆ ಅದಾಗಿದ್ದರಿಂದ ಅನೇಕರು ಅನುಮತಿ ಪಡೆಯದೆ ಪೆಟ್ಟಿಗೆಗಳನ್ನು ತಯಾರಿಸಿ ಮಾರಾಟ ಮಾಡಿದರು. ಹಕ್ಕನ್ನು ಕಾಪಾಡಿಕೊಳ್ಳಲು ಹೂಡಿದ ವ್ಯಾಜ್ಯಗಳಿಗೆ ಹಣ ಮತ್ತು ಆರೋಗ್ಯ ಎರಡೂ ವ್ಯಯವಾದವು. ಅವರ ಪೆಟ್ಟಿಗೆಯಿಂದ ಸಾವಿರಾರು ಕುಟುಂಬಗಳು ಜೀವನೋಪಾಯವನ್ನು ಕಂಡುಕೊಂಡರೂ ಅವರು ಮಾತ್ರ ಬಡವರಾಗಿಯೇ ಉಳಿದರು.

1858ರಲ್ಲಿ ಕುಟುಂಬವು ಒಹಾಯೊ ರಾಜ್ಯದ ಆಕ್ಸ್‌ಫರ್ಡ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಸುಮಾರು 10 ಎಕರೆ ಭೂಮಿಯಲ್ಲಿ ಜೇನಿಗೆ ಉಪಯುಕ್ತವಾದ ಮರಗಳನ್ನೂ ಹೂವಿನ ಗಿಡಗಳನ್ನೂ ಬೆಳೆಸಿದರು. 1860ರ ದಶಕದಲ್ಲಿ ಮಗ ಜೇಮ್ಸ್ ಅವರೊಡನೆ ಇಟಲಿ ತಳಿಯ ರಾಣಿ ಜೇನುಗಳನ್ನು ಬೆಳೆಸಿ ದೇಶದ ನಾನಾ ಭಾಗಗಳಿಗೆ ಒದಗಿಸಿದರು. ಅವರು ವಾಸವಾಗಿದ್ದ ಈ ಮನೆಯನ್ನು ಅಮೆರಿಕ ಸರ್ಕಾರವು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಗುರುತಿಸಿದೆ.

ಈ ಅವಧಿಯಲ್ಲಿಯೂ ಖಿನ್ನತೆಯು ಅವರನ್ನು ಬಿಡಲಿಲ್ಲ. ಅದು ಆವರಿಸಿದಾಗ ತಾವು ಇಷ್ಟು ಪ್ರೀತಿಸಿದ ಜೇನ್ನೊಣಗಳನ್ನು ನೋಡುವುದೂ ಅವರಿಗೆ ಅಸಹನೀಯವಾಗುತ್ತಿತ್ತು. ಚದುರಂಗದ ಆಟದಲ್ಲಿ ಮನಸ್ಸನ್ನು ತೊಡಗಿಸಿ ದಿನಗಳನ್ನು ಕಳೆಯುತ್ತಿದ್ದರು. ಬಾಧೆ ಇಳಿದೊಡನೆ ಮತ್ತೆ ಜೇನುಶಾಲೆಗೆ ಮರಳುತ್ತಿದ್ದರು. 1870ರಲ್ಲಿ ಮಗನೂ 1873ರಲ್ಲಿ ಪತ್ನಿಯೂ ನಿಧನರಾದರು. ಇದಾದ ಬಳಿಕ ಅವರು ತಮ್ಮ ಜೇನು ಕುಟುಂಬಗಳನ್ನು ಮಾರಿಬಿಟ್ಟರು. ಆದರೂ ಜೇನು ಕುರಿತ ಪತ್ರಿಕೆಗಳಿಗೆ ಬರೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಲಿಲ್ಲ. ಅವರ ಗ್ರಂಥವನ್ನು ಪರಿಷ್ಕರಿಸುವ ಕಾರ್ಯವನ್ನು ಚಾರ್ಲ್ಸ್ ಡಡಾಂಟ್ ಮತ್ತು ಅವರ ಮಗ ಕೈಗೊಂಡು 1889ರಲ್ಲಿ ಹೊಸ ಆವೃತ್ತಿಯನ್ನು ಹೊರತಂದರು.

ಅಂತಿಮ ದಿನಗಳು

1887ರಲ್ಲಿ ಲ್ಯಾಂಗ್‌ಸ್ಟ್ರಾತ್ ಅವರು ಮಗಳ ಕುಟುಂಬದೊಡನೆ ಒಹಾಯೊ ರಾಜ್ಯದ ಡೇಟನ್ ನಗರಕ್ಕೆ ತೆರಳಿದರು. 1895ರ ಅಕ್ಟೋಬರ್ 6ರ ಭಾನುವಾರ ಅಲ್ಲಿನ ಚರ್ಚೊಂದರಲ್ಲಿ ಪ್ರವಚನ ನೀಡಲು ನಿಂತಿದ್ದಾಗ ವೇದಿಕೆಯಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ 84 ವರ್ಷ ವಯಸ್ಸಾಗಿತ್ತು. ಅಮೆರಿಕದ ಜೇನು ಕೃಷಿಯ ಪಿತಾಮಹರೆಂದು ಅವರನ್ನು ಗೌರವಿಸಲಾಗುತ್ತದೆ.

ಅವರ ಜೀವಿತಾವಧಿಯಲ್ಲಿಯೇ ಇತರರ ಶೋಧನೆಗಳೂ ಈ ಪೆಟ್ಟಿಗೆಗೆ ಪೂರಕವಾಗಿ ಬಂದವು. 1857ರಲ್ಲಿ ಜರ್ಮನಿಯ ಯೊಹಾನ್ನೆಸ್ ಮೆಹ್ರಿಂಗ್ ಅವರು ಮೇಣದ ಹಾಳೆಯನ್ನು ಅಚ್ಚು ಹಾಕುವ ವಿಧಾನವನ್ನು ಕಂಡುಹಿಡಿದರು. 1865ರಲ್ಲಿ ಫ್ರಾನ್ಸ್ ಹ್ರುಷ್ಕಾ ಅವರು ಎರಿಯನ್ನು ಮುರಿಯದೆ ತುಪ್ಪವನ್ನು ಬೇರ್ಪಡಿಸುವ ಯಂತ್ರವನ್ನು ರೂಪಿಸಿದರು. 1870ರ ದಶಕದಲ್ಲಿ ಮೋಸೆಸ್ ಕ್ವಿನ್ಬಿ ಅವರು ತಿದಿ ಜೋಡಿಸಿದ ಹೊಗೆ ಯಂತ್ರವನ್ನು ಬಳಕೆಗೆ ತಂದರು. ಎತ್ತಿ ಇಡಬಹುದಾದ ಚೌಕಟ್ಟು ಇಲ್ಲದಿದ್ದರೆ ತುಪ್ಪ ತೆಗೆಯುವ ಯಂತ್ರದಿಂದ ಹೆಚ್ಚಿನ ಪ್ರಯೋಜನ ಆಗುತ್ತಿರಲಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ ಚೌಕಟ್ಟಿನ ಪೆಟ್ಟಿಗೆ

ಚೌಕಟ್ಟಿನ ಪೆಟ್ಟಿಗೆಯಲ್ಲಿ ಜೇನು ಸಾಕುವ ಪ್ರಯತ್ನಗಳು ಭಾರತದಲ್ಲಿ 1880ರ ದಶಕದಲ್ಲಿ ಬಂಗಾಳ ಮತ್ತು ಪಂಜಾಬ್ ಪ್ರಾಂತ್ಯಗಳಲ್ಲಿ ನಡೆದವು. ಆದರೆ ಲ್ಯಾಂಗ್‌ಸ್ಟ್ರಾತ್ ಅವರ ಪೆಟ್ಟಿಗೆಯು ಯುರೋಪಿನ ಮೆಲ್ಲಿಫೆರಾ ಜೇನಿಗೆ ತಕ್ಕ ಗಾತ್ರದ್ದಾಗಿತ್ತು. ನಮ್ಮ ತುಡುವೆ ಜೇನು ಗಾತ್ರದಲ್ಲಿ ಚಿಕ್ಕದು, ಕುಟುಂಬವೂ ಚಿಕ್ಕದು. ಇದನ್ನು ಮನಗಂಡ ಪಾದ್ರಿ ನ್ಯೂಟನ್ ಅವರು ತುಡುವೆ ಜೇನಿಗಾಗಿ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿ, 1911ರಿಂದ 1917ರವರೆಗೆ ದಕ್ಷಿಣ ಭಾರತದ ಗ್ರಾಮಸ್ಥರಿಗೆ ತರಬೇತಿ ನೀಡಿದರು. ನ್ಯೂಟನ್ ಪೆಟ್ಟಿಗೆ ಎಂದು ಇಂದಿಗೂ ಕರೆಯಲಾಗುವ ಇದರ ತತ್ವವು ಲ್ಯಾಂಗ್‌ಸ್ಟ್ರಾತ್ ಅವರದೇ ಆಗಿದೆ. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಆಧುನಿಕ ಜೇನು ಸಾಕಣೆಯು ಆರಂಭಗೊಂಡಿತು. ಕೊಡಗಿನಲ್ಲಿ 1930ರ ದಶಕದಿಂದ ಸಹಕಾರ ಸಂಘಗಳ ಮೂಲಕ ಜೇನು ಕೃಷಿಯು ಬೆಳೆಯಿತು.

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗವು ಕೊಡಗು ಮತ್ತು ಕರಾವಳಿಯ ತುಡುವೆ ಕುಟುಂಬಗಳನ್ನು ಅಪಾರ ಸಂಖ್ಯೆಯಲ್ಲಿ ನಾಶಪಡಿಸಿತು. ಮರಿಹುಳುಗಳು ಚೀಲದಂತೆ ಉಬ್ಬಿ ಕೋಣೆಯಲ್ಲಿಯೇ ಸಾಯುವುದು ಈ ರೋಗದ ಲಕ್ಷಣವಾಗಿದೆ. ಚೌಕಟ್ಟನ್ನು ಎತ್ತಿ ನೋಡುವ ಸೌಲಭ್ಯವಿದ್ದುದರಿಂದಲೇ ಈ ಲಕ್ಷಣವನ್ನು ಗುರುತಿಸಲು ಸಾಧ್ಯವಾಯಿತು. ಮುಚ್ಚಿದ ಗೂಡಿನಲ್ಲಿ ಸಾವು ಸಂಭವಿಸಿದರೆ ಅದರ ಕಾರಣವು ಗೂಡಿನೊಳಗೇ ಉಳಿದುಬಿಡುತ್ತಿತ್ತು.

ಹೊಸ ಪೆಟ್ಟಿಗೆಯ ಮೊದಲ ಪರೀಕ್ಷೆ

ಲ್ಯಾಂಗ್‌ಸ್ಟ್ರಾತ್ ಅವರ ವಿಧಾನವನ್ನು ಅನುಸರಿಸಿ ಹೊಸ ಜೇನು ಕೃಷಿಕರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಕುಟುಂಬವನ್ನು ಪೆಟ್ಟಿಗೆಗೆ ಸೇರಿಸಿದ ಕೂಡಲೇ ಪದೇಪದೇ ತೆರೆಯಬಾರದು. ತುಡುವೆ ಜೇನು ತೊಂದರೆಯಾದರೆ ಗೂಡು ಬಿಟ್ಟು ಪರಾರಿಯಾಗುವ ಸ್ವಭಾವದ್ದು. ಸುಮಾರು ಒಂದು ವಾರದ ನಂತರ ಮೊದಲ ಪರೀಕ್ಷೆಯನ್ನು ಕೈಗೊಳ್ಳಬಹುದು. ಅಲ್ಲಿಯವರೆಗೆ ದ್ವಾರದ ಬಳಿ ನೊಣಗಳು ಪರಾಗ ತರುತ್ತಿವೆಯೇ ಎಂಬುದನ್ನು ದೂರದಿಂದಲೇ ವೀಕ್ಷಿಸಬೇಕು.

2. ಬಿಸಿಲಿರುವ, ಗಾಳಿ ಮಳೆ ಇಲ್ಲದ ದಿನ ಬೆಳಗಿನ ಹೊತ್ತು ಸೂಕ್ತ. ಮುಖಪರದೆಯನ್ನು ಧರಿಸಿ ಪೆಟ್ಟಿಗೆಯ ಪಕ್ಕದಲ್ಲಿ ಅಥವಾ ಹಿಂಬದಿಯಲ್ಲಿ ನಿಲ್ಲಬೇಕು. ದ್ವಾರಕ್ಕೆ ಅಡ್ಡವಾಗಿ ನಿಲ್ಲಬಾರದು.

3. ದ್ವಾರದಲ್ಲಿ ಸ್ವಲ್ಪ ಹೊಗೆ ಕೊಟ್ಟು, ಒಂದೆರಡು ನಿಮಿಷ ಕಾದು, ಮುಚ್ಚಳವನ್ನು ನಿಧಾನವಾಗಿ ತೆಗೆಯಬೇಕು.

4. ಮೊದಲು ಅಂಚಿನ ಚೌಕಟ್ಟನ್ನು ಎತ್ತಬೇಕು. ಇದರಿಂದ ಉಳಿದ ಚೌಕಟ್ಟುಗಳನ್ನು ನೊಣ ಅರೆಯದಂತೆ ಸರಿಸಲು ಜಾಗ ದೊರೆಯುತ್ತದೆ. ಹೊಸ ಎರಿಯು ಮೃದುವಾಗಿರುವುದರಿಂದ ಚೌಕಟ್ಟನ್ನು ಯಾವಾಗಲೂ ನೇರವಾಗಿಯೇ ಹಿಡಿಯಬೇಕು. ರಾಣಿಯು ಹೊರಗೆ ಬೀಳದಂತೆ ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಬೇಕು.

5. ರಾಣಿಯನ್ನು ಹುಡುಕುತ್ತಾ ಕಾಲ ಕಳೆಯುವ ಅಗತ್ಯವಿಲ್ಲ. ಕೋಣೆಯ ತಳದಲ್ಲಿ ಅಕ್ಕಿಯ ನುಚ್ಚಿನಂತಹ ಒಂದೊಂದೇ ಮೊಟ್ಟೆ ಕಂಡರೆ ಸಾಕು. ಮೊಟ್ಟೆಯ ಅವಸ್ಥೆಯು ಮೂರು ದಿನಗಳದ್ದಾದುದರಿಂದ, ಕಳೆದ ಮೂರು ದಿನಗಳೊಳಗೆ ರಾಣಿಯು ಅಲ್ಲಿ ಮೊಟ್ಟೆ ಇಟ್ಟಿದೆ ಎಂಬುದು ಖಚಿತ.

6. ಮುತ್ತಿನಂತೆ ಬಿಳುಪಾದ ಮರಿಹುಳು, ಮುಚ್ಚಿದ ಕೋಣೆಗಳು, ಪರಾಗ ಮತ್ತು ಜೇನಿನ ಸಂಗ್ರಹವನ್ನು ನೋಡಬೇಕು. ಆಹಾರ ಕಡಿಮೆ ಇದ್ದಲ್ಲಿ ಸಂಜೆ ಸಕ್ಕರೆ ಪಾಕವನ್ನು ಒದಗಿಸಬೇಕು. ಎರಿಯಲ್ಲಿ ಬಲೆಯಂತಹ ನೂಲು ಕಂಡರೆ ಅದು ಮೇಣದ ಪತಂಗದ ಬಾಧೆ. ಅಡಿ ಹಲಗೆಯನ್ನು ಗುಡಿಸಿ ಸ್ವಚ್ಛಗೊಳಿಸಬೇಕು. ಇರುವೆ ಹತ್ತದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡಬೇಕು.

7. ಪ್ರತಿ ಚೌಕಟ್ಟನ್ನು ಮೊದಲಿದ್ದ ಕ್ರಮದಲ್ಲಿಯೇ, ಮೊದಲಿನ ಅಂತರದಲ್ಲಿಯೇ ಮರಳಿ ಇಡಬೇಕು. ಹತ್ತು ನಿಮಿಷಗಳೊಳಗೆ ಪರೀಕ್ಷೆಯನ್ನು ಮುಗಿಸಿ, ಕಂಡ ಅಂಶಗಳನ್ನು ದಿನಾಂಕದೊಡನೆ ಬರೆದಿಡಬೇಕು.

ಏಳನೆಯ ಅಂಶವು ಚಿಕ್ಕದೆಂದು ತೋರಿದರೂ ಲ್ಯಾಂಗ್‌ಸ್ಟ್ರಾತ್ ಅವರ ಶೋಧನೆಯ ಸಾರವೇ ಅದರಲ್ಲಿದೆ. ಒಂದು ಚೌಕಟ್ಟನ್ನು ಒತ್ತಿ ಇಟ್ಟು ಇನ್ನೊಂದನ್ನು ದೂರ ಸರಿಸಿದರೆ, ಮುಂದಿನ ಪರೀಕ್ಷೆಯ ವೇಳೆಗೆ ಎರಿಗಳು ಒಂದಕ್ಕೊಂದು ಬೆಸೆದುಕೊಂಡು ಪೆಟ್ಟಿಗೆಯು ಮತ್ತೆ ಹಳೆಯ ಮುಚ್ಚಿದ ಗೂಡಿನಂತೆಯೇ ಆಗುತ್ತದೆ. ಸ್ಥಳೀಯವಾಗಿ ಪೆಟ್ಟಿಗೆಯನ್ನು ಮಾಡಿಸುವವರು ಬಡಗಿಗಳಿಗೆ ಈ ಅಳತೆಯನ್ನು ಸ್ಪಷ್ಟವಾಗಿ ತಿಳಿಸಬೇಕು. ತುಡುವೆ ಜೇನಿಗೆ ಈ ಅಂತರವು ಮೆಲ್ಲಿಫೆರಾ ಜೇನಿಗಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 7ರಿಂದ 8 ಮಿ.ಮೀ. ಇರಬೇಕಾಗುತ್ತದೆ.

ಉಪಸಂಹಾರ

ಲ್ಯಾಂಗ್‌ಸ್ಟ್ರಾತ್ ಅವರು ಧನವನ್ನು ಗಳಿಸಲಿಲ್ಲ. ಆರೋಗ್ಯವೂ ಅವರಿಗೆ ಪೂರ್ಣವಾಗಿ ದೊರೆಯಲಿಲ್ಲ. ಆದರೆ ಜೇನನ್ನು ಪಡೆಯಲು ಜೇನ್ನೊಣವನ್ನು ಕೊಲ್ಲಬೇಕಾಗಿಲ್ಲ ಎಂಬುದನ್ನು ಕಾರ್ಯರೂಪದಲ್ಲಿ ತೋರಿಸಿಕೊಟ್ಟರು. ನೊಣಗಳು ತಾವಾಗಿ ಬಿಟ್ಟುಕೊಳ್ಳುವ ದಾರಿಯನ್ನು ತಾಳ್ಮೆಯಿಂದ ಗಮನಿಸಿ, ತಮ್ಮ ಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿದ್ದೇ ಅವರ ಯಶಸ್ಸಿನ ಕಾರಣ. ತಾರಿಹಾಳದ ಹೊಲದ ಬದುವಿನಲ್ಲಿ ಮೊದಲ ಬಾರಿಗೆ ಮುಚ್ಚಳ ತೆರೆಯುವ ರೈತನೂ ಅದೇ ತಾಳ್ಮೆಯನ್ನು ರೂಢಿಸಿಕೊಂಡಲ್ಲಿ ಅಂಜಿಕೆಯು ಕ್ರಮೇಣ ದೂರವಾಗುತ್ತದೆ.

ಆಸಕ್ತ ರೈತ ಬಾಂಧವರು, ಮಹಿಳೆಯರು ಮತ್ತು ನಿರುದ್ಯೋಗಿ ಯುವಕರು ಜೇನು ಕೃಷಿಯನ್ನು ಆರಂಭಿಸುವ ಮುನ್ನ ತರಬೇತಿಯನ್ನು ಪಡೆಯುವುದು ಸೂಕ್ತ. ಹೂ ಬಿಡುವ ಕಾಲದಲ್ಲಿ ಬೆಳೆಗೆ ಕೀಟನಾಶಕ ಸಿಂಪರಣೆಯನ್ನು ಆದಷ್ಟು ತಪ್ಪಿಸಬೇಕು. ಅನಿವಾರ್ಯವಾದಲ್ಲಿ ನೊಣಗಳು ಗೂಡು ಸೇರಿದ ಸಂಜೆಯ ವೇಳೆಯಲ್ಲಿ ಸಿಂಪಡಿಸಿ, ನೆರೆಹೊರೆಯ ಜೇನು ಕೃಷಿಕರಿಗೆ ಮುಂಚಿತವಾಗಿ ತಿಳಿಸಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಛೇರಿಯನ್ನು ಸಂಪರ್ಕಿಸಬಹುದಾಗಿದೆ.